ಅಪ್ಪ ಸ್ಲೇಟಿನಲ್ಲಿ ‘ಪೈಪು ಬೇಡ’ ಅಂತ ಬರೆದಿದ್ದಾರೆ. ನಾನು ಏನು ಮಾಡಲಿ?

ತೋಟದಮನೆ ಮಗಳು:

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಬರೆಯುವುದೋ ಬೇಡವೋ ಅಂತ ಎರಡು ವಾರದಿಂದ ಯೋಚನೆ ಮಾಡುತ್ತಾ ಇದ್ದೆ. ಈಗ ರಾತ್ರಿ ಒಂದೂವರೆ. ಅಪ್ಪನ ಮಗ್ಗುಲು ಬದಲಿಸಿ ಮಲಗಿಸಿ ಬಂದೆ. ಹೊರಗೆ ಮಳೆ ಹೊಡೆಯುತ್ತಾ ಇದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಅಪ್ಪನಿಗೆ 69. ಎರಡು ಎಕರೆ ಅಡಿಕೆ ತೋಟ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನ ಕೂಟದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು. ದೊಡ್ಡ ಹೆಸರೇನೂ ಇಲ್ಲ, ಆದರೆ ನಮ್ಮ ಸುತ್ತಮುತ್ತ ಮಳೆಗಾಲದಲ್ಲಿ ಎಲ್ಲೇ ಕೂಟ ಆದರೂ ಅಪ್ಪನಿಗೆ ಒಂದು ಪಾತ್ರ ಇರುತ್ತಿತ್ತು. ಹೋದ ವರ್ಷ ಆಟಿ ತಿಂಗಳಲ್ಲಿ ಒಂದು ಮನೆಯ ಕೂಟದಲ್ಲಿ ವಿದುರನ ಅರ್ಥ. ಅರ್ಧದಲ್ಲಿ ನಾಲಗೆ ತೊಡರಲು ಶುರುವಾಯಿತು. ರಕಾರ, ಳಕಾರ ಹೊರಳುತ್ತಲೇ ಇಲ್ಲ. ಹಿಂದೆ ಕೂತವರು ಯಾರೋ ‘ಇವತ್ತು ಸ್ವಲ್ಪ ಜಾಸ್ತಿ ಆಗಿದೆ ಅಂತ ಕಾಣುತ್ತದೆ’ ಅಂದರು. ಜನ್ಮದಲ್ಲಿ ಕುಡಿದವರಲ್ಲ ನನ್ನ ಅಪ್ಪ. ಆ ಮಾತು ಅವರ ಕಿವಿಗೆ ಬಿತ್ತು. ಆಮೇಲೆ ಕೂಟಕ್ಕೆ ಹೋಗಲೇ ಇಲ್ಲ.

ಮೊದಲು ತೋರಿಸಿದ ಕಡೆ ಸಣ್ಣ ಪಾರ್ಶ್ವವಾಯು ಅಂದರು. ನಾಲ್ಕು ತಿಂಗಳು ಅದರ ಮಾತ್ರೆ ತಿಂದದ್ದಾಯಿತು. ಗುಣ ಕಾಣಲಿಲ್ಲ. ಮತ್ತೆ ಮಂಗಳೂರಿನಲ್ಲಿ ನರರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. ನಾಲಗೆ ಸುಮ್ನೆ ಇದ್ದಾಗಲೂ ಒಳಗೆ ಹುಳ ಹರಿದ ಹಾಗೆ ಅದುರುತ್ತಿತ್ತು. ನನಗೂ ತೋರಿಸಿದರು. ಆಮೇಲೆ ಸೂಜಿ ಚುಚ್ಚಿ ಇಎಂಜಿ ಪರೀಕ್ಷೆ ಮಾಡಿ ಹೇಳಿದರು, ಮೋಟಾರ್ ನ್ಯೂರಾನ್ ಕಾಯಿಲೆ. ಎಎಲ್‌ಎಸ್ ಅಂತಲೂ ಹೇಳುತ್ತಾರೆ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ರಿಲುಜೋಲ್ 50 ಮಿಲಿಗ್ರಾಂ ದಿನಕ್ಕೆ ಎರಡು. ಅದರಿಂದ ಕಾಯಿಲೆ ನಿಲ್ಲುವುದಿಲ್ಲ, ಕೆಲವು ತಿಂಗಳು ಮುಂದೆ ಹೋಗಬಹುದು ಅಷ್ಟೇ. ಶುರುವಾದಲ್ಲಿಂದ ಹೆಚ್ಚಿನವರಿಗೆ ಎರಡರಿಂದ ಐದು ವರ್ಷ, ನಾಲಗೆ ಗಂಟಲಿನಿಂದ ಶುರುವಾದರೆ ಇನ್ನೂ ಬೇಗ ಅಂದರು. ಅಪ್ಪ ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡರು.

ಕಾರಣ ಕೇಳಬೇಡಿ. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಯಾರಿಗೆ ಏನು ಬಂದರೂ ಮೊದಲ ಪ್ರಶ್ನೆ ಎಂಡೋಸಲ್ಫಾನ್ ಕೀಟನಾಶಕದ್ದು. 2000ದ ತನಕ ಗೇರುಬೀಜದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಊರು ಇದು, ಹಾಗಾಗಿ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಡಾಕ್ಟರರನ್ನು ನಾನೂ ಕೇಳಿದೆ. ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಇದೇ ಕಾರಣ ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ಮಾತು ಪೂರ್ತಿ ಹೋಗಿ ಎರಡು ತಿಂಗಳಾಯಿತು. 61 ಕಿಲೋ ಇದ್ದವರು ಈಗ 48. ಒಂದು ಬಟ್ಟಲು ಗಂಜಿಗೆ ಒಂದೂವರೆ ಗಂಟೆ ಬೇಕು. ಅಮ್ಮ ನುಂಗಲು ಸುಲಭ ಆಗಲಿ ಅಂತ ಗಂಜಿಯ ತೆಳಿ ಮಾತ್ರ ಕೊಡುತ್ತಾಳೆ, ಆದರೆ ತೆಳಿಗೇ ಕೆಮ್ಮು ಜಾಸ್ತಿ. ಹೋದ ಸಲ ಡಾಕ್ಟರರು ಊಟ ನೇರ ಒಳಗೆ ಹೋಗುವ ಹಾಗೆ ಹೊಟ್ಟೆಗೆ ಪೈಪು ಇಡಿಸುವ ಮಾತು ಎತ್ತಿದರು. ಉಸಿರಿನ ಶಕ್ತಿ ಈಗ ನೂರಕ್ಕೆ 56 ಇದೆ, 50ಕ್ಕಿಂತ ಕೆಳಗೆ ಹೋದರೆ ಪೈಪು ಇಡುವುದರಲ್ಲೇ ಅಪಾಯ ಹೆಚ್ಚು, ಒಂದು ತಿಂಗಳೊಳಗೆ ತೀರ್ಮಾನ ಮಾಡಿ ಅಂದರು.

ಆದರೆ ವಿಷು ಕಳೆದ ಮೇಲೆ ಒಂದು ದಿನ, ಬೆರಳಿಗೆ ಇನ್ನೂ ಬಲ ಇದ್ದಾಗ, ಅಪ್ಪ ತಾವಾಗಿಯೇ ಸ್ಲೇಟು ಕೇಳಿ ಬರೆದಿದ್ದರು. ‘ಪೈಪು ಬೇಡ.’ ಕೆಳಗೆ ಗೆರೆಯನ್ನೂ ಎಳೆದಿದ್ದರು. ಈಗ ಬಳಪ ಹಿಡಿಯಲು ಆಗುವುದಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣ ‘ಏನೇನು ಉಂಟೋ ಎಲ್ಲ ಮಾಡಿಸುವ, ಅಪ್ಪನನ್ನು ಹಸಿವೆಯಲ್ಲಿ ಕೊಲ್ಲಬೇಡ’ ಅನ್ನುತ್ತಾನೆ. ಸೋದರಮಾವ ಬಂದು ‘ಭಾವ, ನಿಮಗೆ ಪೈಪು ಬೇಡವಾ?’ ಅಂತ ಕೇಳಿದರೆ ಅಪ್ಪ ಬಿಕ್ಕಿ ಬಿಕ್ಕಿ ಅತ್ತರು. ನೋಡು, ಅವರಿಗೆ ಬದುಕುವ ಆಸೆ ಉಂಟು ಅಂತ ಮಾವ ಹೇಳಿ ಹೋದರು. ಚಿಕ್ಕಪ್ಪ ಕೋವಿಡ್ ಸಮಯದಲ್ಲಿ ತೆಗೆದಿಟ್ಟ ಆಕ್ಸಿಜನ್ ಮೆಶಿನ್ ತಂದಿಟ್ಟಿದ್ದಾರೆ. ಅಮ್ಮ ಏನೂ ಹೇಳುವುದಿಲ್ಲ.

ಅಪ್ಪ ಬರೆದದ್ದು ಅವರ ಮಾತು. ಜೀವನ ಪೂರ್ತಿ ಮಾತನ್ನೇ ನಂಬಿದವರು. ಅವರ ಕೊನೆಯ ಮಾತನ್ನು ನಾನು ಮೀರಬಹುದಾ? ಮೀರದಿದ್ದರೆ ನಾನೇ ಉಪವಾಸ ಕೆಡವಿದ ಹಾಗೆ ಆಗುತ್ತದಾ? ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಪೈವಳಿಕೆ ಅಣ್ಣ:

ತಂಗಿ, ನನ್ನ ಅಮ್ಮನಿಗೂ ಇದೇ ಕಾಯಿಲೆ. ಅವರಿಗೆ ಕಾಲಿನಿಂದ ಶುರುವಾಗಿತ್ತು. ಪೈಪು ಇಡಿಸಿದೆವು. ಆಮೇಲೆ 14 ತಿಂಗಳು ಇದ್ದರು. ಅದರ ಬಗ್ಗೆ ನನಗೆ ಬೇಸರ ಇಲ್ಲ. ಬೇಸರ ಇರುವುದು ಬೇರೆಯದಕ್ಕೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಅಪ್ಪ ಬೇಡ ಅಂದದ್ದು ಯಾವ ಪೈಪನ್ನು? ಮೂಗಿನಿಂದ ಇಳಿಸುವುದು ಒಂದು, ಹೊಟ್ಟೆಯ ಮೇಲೆ ಇಡುವುದು ಇನ್ನೊಂದು, ಉಸಿರಿಗೆ ಗಂಟಲಲ್ಲಿ ಹಾಕುವುದು ಮತ್ತೊಂದು. ನಮ್ಮ ಬಾಯಲ್ಲಿ ಎಲ್ಲವೂ ‘ಪೈಪು’. ಡಾಕ್ಟರರು ಹೊಟ್ಟೆಯ ಪೈಪಿನ ಮಾತು ಎತ್ತಿದ್ದು ಹೋದ ಸಲ ಅಂತ ನೀವೇ ಬರೆದಿದ್ದೀರಿ. ಅಪ್ಪ ಬರೆದದ್ದು ವಿಷುವಿನ ಹೊತ್ತಿಗೆ. ಹಾಗಾದರೆ ಆಗ ಅವರ ಮನಸ್ಸಿನಲ್ಲಿ ಇದ್ದದ್ದು ಯಾವುದು?

ಕೇಳುವುದು ಹೇಗೆ ಅಂತೀರಾ? ಕಣ್ಣು ಆಡುತ್ತದಲ್ಲ, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಏನೂ ಆಗುವುದಿಲ್ಲ. ನಾವು ಹೀಗೆ ಮಾಡಿದ್ದೆವು. ಒಂದು ದೊಡ್ಡ ರಟ್ಟಿನಲ್ಲಿ ವರ್ಣಮಾಲೆ ಬರೆಯಿರಿ. ಶಾಲೆಯಲ್ಲಿ ಕಲಿತ ಹಾಗೇ ಸಾಲು ಸಾಲಾಗಿ. ಸ್ವರಗಳು ಒಂದು ಸಾಲು, ಕ ಸಾಲು, ಚ ಸಾಲು, ಟ, ತ, ಪ, ಕೊನೆಗೆ ಯ ರ ಲ ವ. ನೀವು ಸಾಲಿನ ಹೆಸರು ಹೇಳುತ್ತಾ ಹೋಗಿ. ಅವರಿಗೆ ಬೇಕಾದ ಸಾಲು ಬಂದಾಗ ಕಣ್ಣು ಮೇಲೆತ್ತಲಿ. ಮತ್ತೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ. ನಮ್ಮ ಅಕ್ಷರಗಳನ್ನು ಹಿರಿಯರು ಎಷ್ಟು ಚೆಂದ ಜೋಡಿಸಿ ಇಟ್ಟಿದ್ದಾರೆ ಅಂತ ನನಗೆ ಗೊತ್ತಾದದ್ದೇ ಆಗ. ಗುಣಿತ, ಒತ್ತಕ್ಷರ ಎಲ್ಲ ಬಿಟ್ಟುಬಿಡಿ. ಬರೀ ಮೂಲ ಅಕ್ಷರ ಸಾಕು, ಉಳಿದದ್ದು ಮನೆಯವರಿಗೆ ಹೊಳೆಯುತ್ತದೆ. ಅಮ್ಮ ‘ಬ ನ ನ ವ’ ಅಂದರೆ ಬೆನ್ನು ನೋವು ಅಂತ ನನ್ನ ಆರು ವರ್ಷದ ಮಗಳೂ ಹೇಳುತ್ತಿದ್ದಳು.

ಈಗ ನನ್ನ ಬೇಸರ. ಅಮ್ಮನಿಗೆ ಐಸಿಯು ಬೇಡ ಅಂತ ನಮಗೆಲ್ಲ ಗೊತ್ತಿತ್ತು. ಆದರೆ ಯಾರೂ ಬರೆದಿಡಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕಲಿಲ್ಲ. ನಾನು ಹೆದರಿ ಆಂಬುಲೆನ್ಸ್ ಕರೆದೆ. ತಲಪಾಡಿ ಗಡಿ ದಾಟಿ ಆಸ್ಪತ್ರೆಗೆ ಹೋದೆವು. ಕೊನೆಯ ಒಂಬತ್ತು ದಿನ ಅಮ್ಮ ಗಾಜಿನ ಆಚೆ, ನಾನು ಈಚೆ. ಆ ರಟ್ಟು ನನ್ನ ಚೀಲದಲ್ಲೇ ಇತ್ತು. ಒಳಗೆ ಬಿಡಲಿಲ್ಲ. ಆ ಒಂಬತ್ತು ದಿನದಲ್ಲಿ ಅಮ್ಮನಿಗೆ ಏನು ಹೇಳಲಿಕ್ಕೆ ಇತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.


ಮುಳ್ಳೇರಿಯದವ:

ನಮ್ಮಲ್ಲಿ ಬೇರೆ ಥರ. ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಹೊಟ್ಟೆಯ ಪೈಪಿನ ಎಲ್ಲ ವಿಷಯ ತಿಳಿದುಕೊಂಡೇ ಬೇಡ ಅಂದರು. ನಾವು ಒಪ್ಪಿದೆವು. ಐದು ತಿಂಗಳು ಮನೆಯಲ್ಲೇ, ಕೈಯಾರೆ ತಿನ್ನಿಸಿದ್ದು. ಕಷ್ಟ ಇತ್ತು. ಆದರೂ ಅವರ ಚಾವಡಿಯಲ್ಲಿ, ಅವರ ಮಂಚದಲ್ಲೇ ಹೋದರು.

ಕೇಳಿ, ಕೇಳಬೇಡಿ ಅನ್ನುವುದಿಲ್ಲ. ಆದರೆ ಒಂದು ಸಲ ಸರಿಯಾಗಿ ಕೇಳಿ, ಬಿಡಿ. ನಿಮ್ಮ ಅಣ್ಣ ಒಂದು ಸಲ, ಮಾವ ಒಂದು ಸಲ, ಚಿಕ್ಕಪ್ಪ ಒಂದು ಸಲ ಅಂತ ಹತ್ತು ಸಲ ಕೇಳಿದರೆ ಹತ್ತನೇ ಸಲ ಅವರು ‘ಆಯಿತು’ ಅಂದಾರು. ಅದು ಸುಸ್ತಾಗಿ ಅಂದದ್ದು.


ಮನೆಭೇಟಿ ಸಿಸ್ಟರ್:

ನಾನು ಕಾಸರಗೋಡು ಜಿಲ್ಲೆಯಲ್ಲೇ 11 ವರ್ಷ ಮನೆಮನೆಗೆ ಹೋಗುವ ಪಾಲಿಯೇಟಿವ್ ನರ್ಸ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಸಂಕಟ ಕಡಿಮೆ ಮಾಡುವ ಆರೈಕೆಯ ನರ್ಸ್ ಆಗಿದ್ದವಳು. ನೀವು ಪಂಚಾಯತಿನ ಪಾಲಿಯೇಟಿವ್ ತಂಡಕ್ಕೆ ಹೆಸರು ಕೊಟ್ಟಿದ್ದೀರಾ? ಬರೆಯಲಿಲ್ಲ. ಕೊಡದಿದ್ದರೆ ನಾಳೆಯೇ ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ. ಕ್ಯಾನ್ಸರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಕೇರಳದಲ್ಲಿ ಇದು 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕ್ಲಿನಿಕ್ಕಿನಿಂದ ಶುರುವಾಯಿತು. 2008ರಲ್ಲಿ ಸರಕಾರವೇ ನೀತಿ ಮಾಡಿ ಪಂಚಾಯತುಗಳಿಗೆ ವಹಿಸಿತು. ಗಡಿಯಲ್ಲಿರುವ ನಮ್ಮ ಕನ್ನಡದವರು ಆಸ್ಪತ್ರೆಗೆಲ್ಲ ಮಂಗಳೂರಿಗೆ ಹೋಗುವುದರಿಂದ ಇಲ್ಲಿಯದನ್ನು ಕೇಳುವುದೇ ಇಲ್ಲ. ಅರ್ಜಿ ಮಲಯಾಳದಲ್ಲಿ ಇರುತ್ತದೆ ಅಂತ ಹಿಂಜರಿಯುವುದೂ ಉಂಟು. ಹಿಂಜರಿಯಬೇಡಿ. ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ ಸ್ವಲ್ಪ ಹಣ ಕೊಡುವ ಸರಕಾರದ ಯೋಜನೆಯೂ ಇದೆ, ಅದನ್ನೂ ವಿಚಾರಿಸಿ.

ಆಕ್ಸಿಜನ್ ಮೆಶಿನ್ನನ್ನು ಡಾಕ್ಟರರನ್ನು ಕೇಳದೆ ಹಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಅಪ್ಪನ ಶ್ವಾಸಕೋಶ ಚೆನ್ನಾಗಿಯೇ ಇದೆ, ಅದನ್ನು ಹಿಗ್ಗಿಸುವ ಸ್ನಾಯುಗಳು ಸೋತಿವೆ. ಒಳಗಿನ ಕೆಟ್ಟ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಬರೀ ಆಕ್ಸಿಜನ್ ಕೊಟ್ಟರೆ ಆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಇನ್ನೂ ಏರಿ ಮಂಪರು ಬರಬಹುದು. ಬೆಳಿಗ್ಗೆ ಏಳುವಾಗ ತಲೆನೋವು, ಹಗಲು ತೂಕಡಿಕೆ ಇದೆಯಾ ನೋಡಿ. ಇದ್ದರೆ ಬೈಪ್ಯಾಪ್ ಬಗ್ಗೆ ಕೇಳಿ. ಮುಖಕ್ಕೆ ಮಾಸ್ಕ್ ಹಾಕಿ ಗಾಳಿಯನ್ನು ತಳ್ಳುವ ಯಂತ್ರ ಅದು, ಗಂಟಲಿಗೆ ಏನೂ ತುರುಕುವುದಿಲ್ಲ. ನಮ್ಮ ಕಡೆ ಮಳೆಗಾಲದ ಕರೆಂಟು ಗೊತ್ತಲ್ಲ, ಇನ್ವರ್ಟರ್ ಮೊದಲೇ ನೋಡಿಕೊಳ್ಳಿ.

ಅಪ್ಪ ಅತ್ತದ್ದಕ್ಕೆ ಬರುತ್ತೇನೆ. ಈ ಕಾಯಿಲೆಯಲ್ಲಿ, ಅದರಲ್ಲೂ ಮಾತಿನಿಂದ ಶುರುವಾದವರಲ್ಲಿ, ಅಳು ನಗು ಎರಡೂ ಹಿಡಿತ ತಪ್ಪುತ್ತವೆ. ಸಣ್ಣ ಮಾತಿಗೂ ಬಿಕ್ಕಿ ಅಳುತ್ತಾರೆ. ಸಾವಿನ ಮನೆಯಲ್ಲಿ ನಗು ಬರುವುದೂ ಉಂಟು. ಮಿದುಳಿನ ನರ ಹಾಳಾದದ್ದರಿಂದ ಹಾಗೆ. ಹಾಗಾಗಿ ಆ ಅಳುವನ್ನು ‘ಬೇಕು’ ಅಂತಲೂ ಓದಬೇಡಿ, ‘ಬೇಡ’ ಅಂತಲೂ ಓದಬೇಡಿ. ಅಳು ನಿಲ್ಲುವ ತನಕ ಕೈ ಹಿಡಿದು ಕೂತುಕೊಳ್ಳಿ, ಮತ್ತೆ ಕೇಳಿ.

ಗಂಜಿಯ ತೆಳಿ ನಿಲ್ಲಿಸಲು ಅಮ್ಮನಿಗೆ ಹೇಳಿ. ಪಾಪ, ಅವರು ಪ್ರೀತಿಯಿಂದ ಮಾಡುತ್ತಿರುವುದು. ಆದರೆ ನೀರಿನಂಥದ್ದು ಬೇಗ ಜಾರಿ ಉಸಿರಿನ ದಾರಿಗೆ ಹೋಗುತ್ತದೆ. ಅನ್ನದ ಅಗುಳು ತೇಲುವ ಗಂಜಿಯೂ ಬೇಡ, ಗಟ್ಟಿ ತೆಳು ಎರಡೂ ಒಟ್ಟಿಗೆ ಬಾಯಿಗೆ ಹೋದರೆ ತೊಂದರೆ. ರಾಗಿ ಮಣ್ಣಿಯ ಹದ ಉಂಟಲ್ಲ, ಚಮಚ ಓರೆ ಮಾಡಿದರೆ ನಿಧಾನಕ್ಕೆ ಬೀಳುವ ಹಾಗೆ, ಆ ಹದಕ್ಕೆ ಎಲ್ಲವನ್ನೂ ತನ್ನಿ. ಗಂಜಿಯನ್ನು ರುಬ್ಬಿ, ಸೋಸಿ, ತುಪ್ಪ ಹಾಕಿ. ಬೆನ್ನು ನೇರ ಕೂರಿಸಿ, ನುಂಗುವಾಗ ಗಲ್ಲ ಎದೆಯ ಕಡೆಗೆ ಬಗ್ಗಿಸಲಿ. ಸಣ್ಣ ಚಮಚ. ಒಂದು ತುತ್ತಿಗೆ ಎರಡು ಸಲ ನುಂಗಿದ ಮೇಲೆ ಇನ್ನೊಂದು. ಊಟ ಆಗಿ ಅರ್ಧ ಗಂಟೆ ಮಲಗಿಸಬೇಡಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಕೊನೆಯ ದಿನಗಳಲ್ಲಿ ದೇಹ ಮುಚ್ಚಿಕೊಳ್ಳುವಾಗ ಹಸಿವು ತಾನಾಗಿ ಹೋಗುತ್ತದೆ. ಆಗ ತಿನ್ನಿಸದೆ ಇದ್ದರೆ ಅದು ಉಪವಾಸ ಕೆಡವಿದ್ದಲ್ಲ. ಆದರೆ ನಿಮ್ಮ ಅಪ್ಪ ಆ ಹಂತದಲ್ಲಿ ಇಲ್ಲ. ಅವರಿಗೆ ಹಸಿವು ಇದೆ, ನುಂಗಲು ಆಗುವುದಿಲ್ಲ. ಅದಕ್ಕೇ ಈಗ ಕೇಳುವುದು ಮುಖ್ಯ. ಪೈಪು ಇಟ್ಟರೆ ಕಾಯಿಲೆ ಗುಣ ಆಗುವುದಿಲ್ಲ. ಎಂಜಲು ಉಸಿರಿನ ದಾರಿಗೆ ಹೋಗುವುದು ಪೂರ್ತಿ ನಿಲ್ಲುವುದೂ ಇಲ್ಲ. ಆದರೆ ನೀರು, ಮದ್ದು, ಊಟ ಹೊಟ್ಟೆಗೆ ಹೋಗುತ್ತದೆ. ಒಂದೂವರೆ ಗಂಟೆಯ ಯುದ್ಧ ತಪ್ಪುತ್ತದೆ. ಬಾಯಿಗೆ ರುಚಿಗೆ ಅಂತ ಸ್ವಲ್ಪ ಕೊಡಲು ಆಗುವ ತನಕ ಕೊಡಬಹುದು. ಇದನ್ನೆಲ್ಲ ಅವರಿಗೆ ಹೇಳಿದ ಮೇಲೂ ಬೇಡ ಅಂದರೆ, ಅದು ಅವರ ಮಾತು. ನೀವು ಉಳಿಸಿಕೊಡಿ. ಆಗ ಉಸಿರಿನ ಸಂಕಟಕ್ಕೆ ಸಣ್ಣ ಪ್ರಮಾಣದ ಮಾರ್ಫಿನ್ ಇದೆ, ಡಾಕ್ಟರರು ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಹೆದರುವಂಥದ್ದಲ್ಲ. ಬಿಟ್ಟುಹೋಗುವುದಿಲ್ಲ ನಾವು.

ಬರೆದಿಡುವ ವಿಷಯಕ್ಕೆ ಮೇಲೆ ಹೇಳಿದ ಅಣ್ಣನ ಮಾತು ಸರಿ. ಮುಂದೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟಿದೆ. 2023ರಲ್ಲಿ ಕ್ರಮವನ್ನು ಸುಲಭ ಮಾಡಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. ಬೆರಳಲ್ಲಿ ಸಹಿ ಮಾಡುವ ಶಕ್ತಿ ಉಳಿದಿರುವಾಗಲೇ ಮಾಡಿಸಿ.


ತೋಟದಮನೆ ಮಗಳು:

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿಮಗೆಲ್ಲ ಹೇಗೆ ಹೇಳಲಿ ಅಂತ ಗೊತ್ತಾಗುವುದಿಲ್ಲ.

ಹಳೆಯ ಕ್ಯಾಲೆಂಡರಿನ ಹಿಂದೆ ಅಮ್ಮನೇ ವರ್ಣಮಾಲೆ ಬರೆದಳು. ಅಮ್ಮನ ಅಕ್ಷರ ದುಂಡಗೆ. ಮೊದಲ ದಿನ ಅಪ್ಪ ಹೇಳಿದ್ದು ‘ಮ ದ’. ಮದ್ದಾ ಅಂತ ಕೇಳಿದೆ, ಕಣ್ಣು ಮೇಲೆ ಹೋಯಿತು. ಮಾತ್ರೆ ತಂದೆ. ಕಣ್ಣು ಮುಚ್ಚಿದರು. ಮತ್ತೆ ‘ತ ಟ’. ತೋಟ. ಎರಡು ತಿಂಗಳು ಮಾತಿಲ್ಲದೆ ಇದ್ದವರು ಮೊದಲು ಕೇಳಿದ್ದು ತೋಟಕ್ಕೆ ಮದ್ದು ಬಿಟ್ಟಾಯಿತಾ ಅಂತ. ಈ ಮಳೆಗೆ ಕೊಳೆರೋಗ ಬರುತ್ತದಲ್ಲ. ನಾವು ಅವರ ಬೆನ್ನು, ಹೊಟ್ಟೆ, ಉಸಿರು ಅಂತ ಇದ್ದೆವು. ಅವರು ಕಿಟಕಿಯಿಂದ ಮಳೆ ನೋಡುತ್ತಾ ಅಡಿಕೆಯ ಗೊನೆಗಳ ಚಿಂತೆಯಲ್ಲಿ ಇದ್ದರು.

ಪೈಪಿನ ವಿಷಯ ನಾನೊಬ್ಬಳೇ ಕೇಳಿದೆ, ಬೆಳಿಗ್ಗೆ, ಯಾರೂ ಇಲ್ಲದಾಗ. ಸ್ಲೇಟಿನಲ್ಲಿ ಬರೆದದ್ದು ಯಾವ ಪೈಪು ಅಪ್ಪ? ‘ಮ ಗ.’ ಮೂಗು. ಮತ್ತೆ ‘ದ ಡ’ ಅಂದಾಗ ನನಗೆ ಎಲ್ಲ ಅರ್ಥವಾಯಿತು. ದೊಡ್ಡಪ್ಪ. ಮೂರು ವರ್ಷದ ಹಿಂದೆ ದೊಡ್ಡಪ್ಪ ಐಸಿಯುನಲ್ಲಿ ಇದ್ದಾಗ ಮೂಗಿನ ಪೈಪು ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ಅಪ್ಪ ಅದನ್ನು ನೋಡಿ ಬಂದು ಎರಡು ದಿನ ಊಟ ಮಾಡಿರಲಿಲ್ಲ. ಹೊಟ್ಟೆಯ ಪೈಪು ಅನ್ನುವುದು ಒಂದು ಉಂಟು ಅಂತಲೇ ಅವರಿಗೆ ಆಗ ಗೊತ್ತಿರಲಿಲ್ಲ. ಡಾಕ್ಟರರು ಮೊನ್ನೆ ಮಾತಾಡಿದ್ದು ನನ್ನ ಹತ್ತಿರ, ಅಪ್ಪನನ್ನು ಹೊರಗೆ ಗಾಲಿಕುರ್ಚಿಯಲ್ಲಿ ಕೂರಿಸಿ. ಅದು ನನ್ನ ತಪ್ಪು. ಅವರ ಎದುರೇ ಹೇಳಿ ಅಂತ ನಾನು ಹೇಳಬೇಕಿತ್ತು.

ಸಿಸ್ಟರ್ ಬರೆದದ್ದನ್ನೆಲ್ಲ ಓದಿ ಹೇಳಿದೆ. ನನ್ನ ಹೊಟ್ಟೆಯ ಮೇಲೆ ಬೆರಳಿಟ್ಟು ಎಲ್ಲಿ ಅಂತ ತೋರಿಸಿದೆ. ಕೇಳಿದ ಪ್ರಶ್ನೆಗಳು ಎರಡು. ಎಷ್ಟು ದಿನ ಆಸ್ಪತ್ರೆ? ಬಾಯಿಗೆ ಏನಾದರೂ ಉಂಟಾ? ಎರಡು ಮೂರು ದಿನ, ರುಚಿಗೆ ಸ್ವಲ್ಪ ಅಂದೆ. ಹಾಗಾದರೆ ಬೇಕಾ, ಬೇಡವಾ ಅಪ್ಪ?

ಬೇಕು, ಬೇಡ ಎರಡಕ್ಕೂ ಮೊದಲ ಅಕ್ಷರ ಬ ಅಲ್ವಾ. ಪ ಸಾಲಿಗೆ ಕಣ್ಣು ಎತ್ತಿದರು. ಬ ಗೆ ಎತ್ತಿದರು. ಎರಡನೇ ಅಕ್ಷರಕ್ಕೆ ನಾನು ಮತ್ತೆ ಮೊದಲಿನಿಂದ ಸಾಲು ಹೇಳಬೇಕು. ನನ್ನ ಸ್ವರ ನಡುಗುತ್ತಿತ್ತು. ಅ ಸಾಲು. ಇಲ್ಲ. ಕ ಸಾಲು ಅಂದೆ, ಕಣ್ಣು ಮೇಲೆ ಹೋಯಿತು.

ನಿಲ್ಲಿಸಲಿಲ್ಲ ಅವರು. ಇನ್ನೂ ಹೇಳಲಿಕ್ಕೆ ಇತ್ತು. ‘ಗ ಟ ಲ ಬ ಡ.’ ಗಂಟಲಿಗೆ ಬೇಡ. ಅಂದರೆ ವೆಂಟಿಲೇಟರ್ ಬೇಡ. ಆಚೆ ಮನೆಯ ಮಾಷ್ಟ್ರು, ಇನ್ನೊಬ್ಬರು ಸಾಕ್ಷಿ ನಿಂತರು. ನೋಟರಿ ಮನೆಗೇ ಬಂದರು. ಸಹಿಗೆ ನಾಲ್ಕು ನಿಮಿಷ ಹಿಡಿಯಿತು, ನಾನು ಮುಂಗೈ ಹಿಡಿದಿದ್ದೆ, ಬೆರಳು ಅವರೇ ಆಡಿಸಿದರು. ಅಣ್ಣನಿಗೆ ಫೋಟೋ ಕಳಿಸಿದೆ. ತುಂಬಾ ಹೊತ್ತು ಫೋನಿನಲ್ಲಿ ಏನೂ ಮಾತಾಡಲಿಲ್ಲ. ಮತ್ತೆ, ಬುಧವಾರ ಬರುತ್ತೇನೆ ಅಂದ. ಗುರುವಾರ ಮಂಗಳೂರಿಗೆ ಹೋಗುವುದು. ದಾರಿಯಲ್ಲಿ ಬೇಡ ಅನ್ನಿಸಿದರೆ ಅಲ್ಲಿಂದಲೇ ವಾಪಸ್ ಬರುವುದು ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಮುಳ್ಳೇರಿಯದ ಅಣ್ಣ, ನೀವು ಹೇಳಿದ ಹಾಗೆ ಒಂದೇ ಸಲ ಕೇಳಿದ್ದು. ಮತ್ತೆ ಯಾರಿಗೂ ಕೇಳಲು ಬಿಡಲಿಲ್ಲ.

ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ನಿನ್ನೆ ಬಂದು 50 ಮಿಲಿಯ ಸಿರಿಂಜ್ ಕೊಟ್ಟು ಹೋಗಿದ್ದಾರೆ. ಅಮ್ಮ ಬಚ್ಚಲಿನಲ್ಲಿ ನೀರು ಹಾಕಿ ಕಲಿಯುತ್ತಾ ಇದ್ದಾಳೆ. ಇಷ್ಟು ದಿನ ಏನೂ ಹೇಳದವಳು ಇವತ್ತು ಒಂದು ಕೇಳಿದಳು, ನಿಮ್ಮ ಹತ್ತಿರ ಕೇಳಿ ಹೇಳು ಅಂದಳು. ಬೆಳಿಗ್ಗೆ ಐದೂವರೆಗೆ ಅಪ್ಪನಿಗೆ ಕಾಫಿ ಆಗಬೇಕು, 43 ವರ್ಷದಿಂದ. ಪೈಪಿನಲ್ಲಿ ಕಾಫಿ ಹಾಕಬಹುದಾ ಸಿಸ್ಟರ್?


ಮನೆಭೇಟಿ ಸಿಸ್ಟರ್:

ಹಾಕಬಹುದು ಅಂತ ಅಮ್ಮನಿಗೆ ಹೇಳಿ. ಮೊದಲು ಕೆಲವು ದಿನ ಆಸ್ಪತ್ರೆಯವರು ಹೇಳಿದ್ದು ಮಾತ್ರ. ಆಮೇಲೆ ಕಾಫಿ ಚೆನ್ನಾಗಿ ಸೋಸಿ, ಉಗುರುಬೆಚ್ಚಗೆ ಮಾಡಿ, ಅಪ್ಪನನ್ನು ಒರಗಿಸಿ ಕೂರಿಸಿ ಹಾಕಲಿ. ಮುಂಚೆಯೂ ಆಮೇಲೂ ಒಂದೊಂದು ಸಿರಿಂಜ್ ನೀರು ಹಾಕಿ ಪೈಪು ತೊಳೆಯಬೇಕು. ಹಾಕುವ ಮೊದಲು ಒಂದು ಹತ್ತಿಯ ಕಡ್ಡಿಯನ್ನು ಆ ಕಾಫಿಯಲ್ಲೇ ಅದ್ದಿ ನಾಲಗೆಗೆ ಸವರಲಿ.